ಕನಕಾಂಬರದ ರುದ್ರಯ್ಯ

ನನ್ನ ಷಡ್ಡಕ ರುದ್ರಯ್ಯನವರು ಜೀವಮಾನದಲ್ಲಿ ಒಂದು ಕರಿಬೇವಿನ ಗಿಡ ನೆಟ್ಟು ನೀರು ಹಾಕಿದವರಲ್ಲ. ಆದರೆ ಸರಕಾರದ ದಾಖಲೆಯ ಪ್ರಕಾರ ಅವರು ಕನಕಾಂಬರ ಬೆಳೆಗಾರರು. ಈ ಎರಡು ಮಾತೂ ನಿಜ. ಎರಡೂ ಒಟ್ಟೊಟ್ಟಿಗೆ ಹೇಗೆ ನಿಜವಾದವು ಎಂದು ಕೇಳಿದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ಇನ್ನು ಯಾರಾದರೂ ಕೇಳಿದರೆ ತೆಗೆದುಕೊಂಡು ಓದಿಕೊಳ್ಳಲಿ ಎಂದು ಬರೆದಿಡುತ್ತಿದ್ದೇನೆ. ಜೆರಾಕ್ಸ್ ಅಂಗಡಿ ನನ್ನದೇ ಇದೆ, ಎಷ್ಟು ಪ್ರತಿ ಬೇಕಾದರೂ ತೆಗೆಯಬಹುದು.

ರುದ್ರಯ್ಯನವರು ನನ್ನ ಹೆಂಡತಿಯ ಅಕ್ಕನ ಗಂಡ. ಅಣ್ಣತಮ್ಮಂದಿರ ಜೊತೆ ಜಗಳವಾಡಿ ಬೇರೆಯಾಗಬಹುದು, ಷಡ್ಡಕನ ಜೊತೆ ಆಗುವುದಿಲ್ಲ, ಯಾಕೆಂದರೆ ಒಳಗೆ ಅಕ್ಕತಂಗಿಯರು ಕೂತಿರುತ್ತಾರೆ. ಸಾಲದ್ದಕ್ಕೆ ನನ್ನ ಹತ್ತಿರ ಸ್ಕೂಟರ್ ಇದೆ, ಅವರ ಹತ್ತಿರ ಇಲ್ಲ. ನನ್ನ ಗ್ರಹಚಾರಕ್ಕೆ ಇಷ್ಟು ಕಾರಣ ಸಾಕು.

ಅವರು ತುಮಕೂರಿನ ಒಂದು ಸಹಕಾರ ಸಂಘದಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಗುಬ್ಬಿ ಕಡೆ, ಬಿದರೆಹಳ್ಳ ಕಾವಲಿಗೆ ಸ್ವಲ್ಪ ಈಚೆ, ತಾತನ ಕಾಲದಿಂದ ಬಂದ ಒಂದೆಕರೆ ಹೊಲವಿದೆ. ಮನೆಯಲ್ಲಿ ಅದನ್ನು "ಹೊಲ" ಎನ್ನುತ್ತಿದ್ದರು, ಬೀದಿಯಲ್ಲಿ "ಜಮೀನು" ಎನ್ನುತ್ತಿದ್ದರು, ಮದುವೆಮನೆಗಳಲ್ಲಿ "ನಮ್ಮ ಫಾರಂ" ಎನ್ನುತ್ತಿದ್ದರು. ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ ವಾರಕ್ಕೆ ಮಾಡುತ್ತಿದ್ದವನು ಹೆಲಿಕಾಪ್ಟರ್ ಫ್ಯಾಕ್ಟರಿಯ ಕಾಂಪೌಂಡು ಕಟ್ಟುವ ಕೆಲಸಕ್ಕೆ ಹೋದ ಮೇಲೆ ಆ ಫಾರಂ ಬೀಳು ಬಿದ್ದಿತ್ತು. ಅದರಲ್ಲಿ ಪಾರ್ಥೇನಿಯಂ ಮಾತ್ರ ಯಾರ ಹಂಗೂ ಇಲ್ಲದೆ ಸೊಂಪಾಗಿ ಬೆಳೆದಿತ್ತು.

ಪಕ್ಕದ ಒಂದೆಕರೆ ಶಿವರುದ್ರಮ್ಮನವರದು. ಗಂಡ ಹೋದ ಮೇಲೆ ಒಬ್ಬರೇ ಕನಕಾಂಬರ ಹಾಕಿ, ಬಿಡಿಸಿ, ಕಟ್ಟಿ, ಗುಬ್ಬಿಗೂ ತುಮಕೂರಿಗೂ ಕಳಿಸಿ ಮಗಳು ಕಾವ್ಯಳನ್ನು ಓದಿಸಿದ ಹೆಂಗಸು. ಇಬ್ಬರ ಹೊಲದ ನಡುವೆ ಒಂದು ಬದು, ಬದುವಿನ ಮೇಲೊಂದು ಹೊಂಗೆ ಮರ. ಬದು ಯಾರದು, ಮರ ಯಾರದು ಎಂಬ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಅವರಿಬ್ಬರೂ ಮಾತು ಬಿಟ್ಟಿದ್ದರು. ಬಿಟ್ಟಿದ್ದರು ಎಂದರೆ ಹೇಳುವುದನ್ನೇನೂ ಬಿಟ್ಟಿರಲಿಲ್ಲ. ಶಿವರುದ್ರಮ್ಮನವರು ಹೇಳಬೇಕಾದ್ದನ್ನೆಲ್ಲ ತಮ್ಮ ಹಸು ಗೌರಿಗೆ ಹೇಳುತ್ತಿದ್ದರು. ರುದ್ರಯ್ಯನವರು ಹೊಂಗೆ ಮರವನ್ನು ನೋಡಿಕೊಂಡು ಉತ್ತರ ಕೊಡುತ್ತಿದ್ದರು.

"ಗೌರೀ, ಪಟ್ಟಣದೋರು ಬಂದವ್ರೆ ಕಣೇ. ದಾರಿ ಬುಡು, ಪ್ಯಾಂಟು ಕೊಳೆಯಾದಾತು."

"ನನ್ನ ಹೊಲಕ್ಕೆ ನಾನು ಬರೋಕೆ ಯಾರ ಅಪ್ಪಣೆನೂ ಬೇಕಾಗಿಲ್ಲ," ಎಂದು ರುದ್ರಯ್ಯನವರು ಮರಕ್ಕೆ ತಿಳಿಸುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಹೇಮಶ್ರೀ ಎಂಬ ಹುಡುಗಿ ಬೆಳೆ ಸಮೀಕ್ಷೆಗೆ ಬಂದಳು. ಯಾರ ಹೊಲದಲ್ಲಿ ಏನು ಬೆಳೆ ಇದೆಯೆಂದು ರೈತನನ್ನು ಹೊಲದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಸರಕಾರಕ್ಕೆ ಕಳಿಸುವುದು ಅವಳ ಕೆಲಸ. ಕಾಂಟ್ರ್ಯಾಕ್ಟ್ ಕೆಲಸ, ಬಿಸಿಲಲ್ಲಿ ಊರೂರು ಸುತ್ತಬೇಕು. ಫೋಟೋ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರುದ್ರಯ್ಯನವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಮೀಸೆಗೆ ಬಣ್ಣ ಹಚ್ಚಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂತರು.

"ಸರ್, ನಿಮ್ಮ ಹೊಲದೊಳಗೆ ನಿಂತ್ಕೊಳಿ. ಹಿಂದ್ಗಡೆ ಬೆಳೆ ಕಾಣ್ಬೇಕು," ಎಂದಳು ಹುಡುಗಿ.

ರುದ್ರಯ್ಯನವರು ಪಾರ್ಥೇನಿಯಂ ಕಡೆ ನೋಡಿದರು. ಬೀಳು ಬಿಟ್ಟಿದ್ದೇನೆ ಎಂದು ಮಗಳ ವಯಸ್ಸಿನವಳ ಎದುರಿಗೆ ಹೇಳಲು ಫಾರಂ ಮಾಲೀಕರಿಗೆ ನಾಲಿಗೆ ಏಳಲಿಲ್ಲ. "ಇಲ್ಲಿ ಬೆಳಕು ಸರಿ ಇಲ್ಲಮ್ಮ," ಎಂದು ಗಂಭೀರವಾಗಿ ನಡೆದು ಹೋಗಿ ಬದು ಹತ್ತಿ ನಿಂತರು. ಅವರ ಬೆನ್ನ ಹಿಂದೆ ಶಿವರುದ್ರಮ್ಮನವರ ಕನಕಾಂಬರ ಹೊಲ ತುಂಬ ಅರಳಿಕೊಂಡಿತ್ತು.

"ಸ್ವಲ್ಪ ಈಚೆ ಬನ್ನಿ ಸರ್, ಜಿಪಿಎಸ್ ತಗೊಳ್ತಾ ಇಲ್ಲ."

ಒಂದು ಕಾಲು ಬದುವಿನ ಮೇಲಿಟ್ಟು ಇನ್ನೊಂದನ್ನು ತಮ್ಮ ಹೊಲದಲ್ಲಿಟ್ಟರು. ಮೊಬೈಲು ಒಪ್ಪಿಕೊಂಡಿತು.

"ಏನ್ ಬೆಳೆ ಸರ್?"

"ನೋಡಿದ್ರೆ ಗೊತ್ತಾಗಲ್ವೇನಮ್ಮ?"

ತಾವು ಸುಳ್ಳು ಹೇಳಲೇ ಇಲ್ಲ ಎಂದು ಅವರು ಇವತ್ತಿಗೂ ವಾದಿಸುತ್ತಾರೆ. ಪಕ್ಕದಲ್ಲೇ ನಿಂತಿದ್ದ ನಾನು ಸಾಕ್ಷಿ ಹೇಳುತ್ತೇನೆ, ಹೇಳಲಿಲ್ಲ. ಹುಡುಗಿ ನೋಡಿದಳು, ಅವಳಿಗೆ ಗೊತ್ತಾಯಿತು, ಕನಕಾಂಬರ ಎಂದು ಒತ್ತಿದಳು.

ಆಮೇಲೆ ಅವಳು ಶಿವರುದ್ರಮ್ಮನವರ ಹೊಲಕ್ಕೆ ಹೋದಳು. ಅಲ್ಲಿ ಗಿಡಗಳ ಮಧ್ಯೆ ಒಂದು ಗೂಟಕ್ಕೆ ಮಸಿ ಹಿಡಿದ ಒಡಕು ಮಡಕೆ ಬೋರಲು ಹಾಕಿ ಸುಣ್ಣದ ಚುಕ್ಕೆ ಇಟ್ಟಿದ್ದರು. ಪಕ್ಕದಲ್ಲಿ ಹಳೇ ಚಪ್ಪಲಿಯೊಂದನ್ನು ನೇತುಹಾಕಿದ್ದರು. ಇಷ್ಟು ಕಾವಲಿರುವ ಹೂವಿಗೆ ಮೊಬೈಲು ಹಿಡಿಯಲು ಬಿಡುವುದುಂಟೇ?

"ಹೂವಿನ್ ಫೋಟೋ ಬ್ಯಾಡ ಕಣವ್ವ. ಕಣ್ ಬೀಳ್ತದೆ. ಹೋದ್ಸಲ ಬೈಕ್ನಾಗೆ ಹೋಗೋ ಹೈಕ್ಳು ಸೆಲ್ಫಿ ತಕೊಂಡ್ ಹೋದ್ರು, ವಾರಕ್ಕೆ ಗಿಡ ಎಲ್ಲಾ ಸೊರಗೋದ್ವು."

"ಒಂದಾದ್ರೂ ಫೋಟೋ ಹಾಕ್ಬೇಕಮ್ಮ. ಇಲ್ದಿದ್ರೆ ಆ್ಯಪ್ ಮುಂದಕ್ಕೆ ಹೋಗಲ್ಲ."

"ಹಂಗಾರೆ ಗೌರಿ ಜೊತೇಲಿ ತೆಗಿ."

ಹೊಲದ ಮೂಲೆಯಲ್ಲಿ ಗೌರಿಗೆಂದು ಹಾಕಿದ್ದ ಒಂದಿಷ್ಟು ಮೇವಿನ ಜೋಳವಿತ್ತು. ಶಿವರುದ್ರಮ್ಮನವರು ಹಸುವಿನ ಕೊರಳ ಮೇಲೆ ಕೈಯಿಟ್ಟು ಜೋಳದ ಮುಂದೆ ನಿಂತರು. ಫೋಟೋದಲ್ಲಿ ಕಂಡದ್ದನ್ನೇ ಬರೆಯಬೇಕು ಎಂಬುದು ಮೇಲಿನವರ ಆಜ್ಞೆಯಂತೆ. ಹುಡುಗಿ ಮೇವಿನ ಜೋಳ ಎಂದು ಒತ್ತಿ, ಮಜ್ಜಿಗೆ ಕುಡಿದು, ಮುಂದಿನ ಊರಿಗೆ ಹೋದಳು. ಅವತ್ತು ನಮಗೆ ಯಾರಿಗೂ ಏನೂ ಅನ್ನಿಸಲಿಲ್ಲ.

ಎರಡನೇ ಸಲದ ಲಾಕ್‌ಡೌನು ಬಂತು. ದೇವಸ್ಥಾನ ಮುಚ್ಚಿತು, ಛತ್ರ ಮುಚ್ಚಿತು, ಹೂವಿನ ಮಾರ್ಕೆಟ್ಟೂ ಮುಚ್ಚಿತು. ಮುಚ್ಚುವ ಆದೇಶ ಗಿಡಗಳಿಗೆ ತಲುಪದೆ ಅವು ಅರಳುತ್ತಲೇ ಇದ್ದವು. ಶಿವರುದ್ರಮ್ಮನವರು ದಿನಾ ಬೆಳಗ್ಗೆ ಉದುರಿದ ಹೂವನ್ನು ಪೊರಕೆಯಲ್ಲಿ ಗುಡಿಸಿ ತಿಪ್ಪೆಗೆ ಹಾಕಿದರು. ಇಡೀ ಬೇಸಿಗೆಯ ದುಡಿಮೆ ಹೀಗೆ ಹೋಯಿತು, ಅದೂ ಕಾವ್ಯಳ ಮದುವೆ ನಿಶ್ಚಯವಾಗಿದ್ದ ವರ್ಷದಲ್ಲಿ. ಆಗ ಸರಕಾರ ಹೂವು ಬೆಳೆದವರಿಗೆ ಪರಿಹಾರ ಕೊಡುತ್ತೇವೆಂದು ಹೇಳಿತು. ಹೋದ ಸಮೀಕ್ಷೆಯಲ್ಲಿ ಹೂವು ಎಂದು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ ನೇರವಾಗಿ ದುಡ್ಡು ಬೀಳುತ್ತದೆ ಎಂದಿತು. ಊರಿನವರೆಲ್ಲ ಶಿವರುದ್ರಮ್ಮನಿಗೆ ಬಂತು ಎಂದು ಕಾದರು.

ದುಡ್ಡು ತುಮಕೂರಿನಲ್ಲಿ ರುದ್ರಯ್ಯನವರ ಮೊಬೈಲಿನಲ್ಲಿ ಟಿಣ್ ಎಂದಿತು.

"ಯಾರೋ ನನ್ನ ಅಕೌಂಟಿಗೆ ನಾಲ್ಕು ಸಾವಿರ ಹಾಕ್ಬಿಟ್ಟವ್ರೆ ಕಣಯ್ಯ. ಮೋಸ," ಎಂದು ಫೋನಿನಲ್ಲಿ ಪಿಸುಗುಟ್ಟಿದರು.

"ದುಡ್ಡು ಹಾಕೋದು ಹೆಂಗೆ ಮೋಸ ಆಗುತ್ತೆ ಭಾವ?"

"ಮೊದ್ಲು ಹಾಕ್ತಾರೆ, ಆಮೇಲೆ ತೆಗೀತಾರೆ. ಪೇಪರಲ್ಲಿ ಬಂದಿತ್ತು. ಸ್ಕೂಟರ್ ತಗೊಂಡ್ ಬಾ."

ಬ್ಯಾಂಕಿನಲ್ಲಿ ಮ್ಯಾನೇಜರು ಕಂಪ್ಯೂಟರ್ ನೋಡಿ, "ಹೂವಿನ ಬೆಳೆಗಾರರ ಕೋವಿಡ್ ಪರಿಹಾರ ಸರ್. ಕಂಗ್ರಾಜುಲೇಷನ್ಸ್," ಎಂದರು. ಮರುಕ್ಷಣವೇ ಮುಖ ಸಣ್ಣದು ಮಾಡಿಕೊಂಡು, "ಅಂದ್ರೆ, ಬೆಳೆ ಹಾಳಾಗಿದ್ದಕ್ಕೆ ಸಾರಿ ಸರ್," ಎಂದು ತಿದ್ದಿಕೊಂಡರು.

ಮನೆಗೆ ಬಂದು ವಿಷಯ ಹೇಳಿದಾಗ ಅತ್ತಿಗೆ ಸಿದ್ದಗಂಗಮ್ಮನವರು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಿ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ನನ್ನ ಕೊರಳಿಗೆ ತಾಳಿ ಬಿದ್ದಾಗಿಂದ ಒಂದು ಮೊಳ ಹೂವು ತಂದ್ಕೊಟ್ಟಿದ್ದು ನಾ ಕಾಣೆ. ಸರ್ಕಾರಕ್ಕೆ ಒಂದೆಕರೆ ಹೂವು ತೋರಿಸ್ಬಿಟ್ಟು ಬಂದವ್ರೆ."

"ನಾನೇನು ತೋರಿಸ್ಲಿಲ್ಲ. ಅವಳೇ ನೋಡ್ಕೊಂಡ್ಲು," ಎಂದರು ರುದ್ರಯ್ಯನವರು.

ಪರಿಹಾರ ಪಡೆದವರ ಹೆಸರುಗಳನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ ದಿನದಿಂದ ಊರಿನಲ್ಲಿ ಅವರ ಹೆಸರು ಬದಲಾಯಿತು. ಎದುರಿಗೆ ಕನಕಾಂಬರದ ರುದ್ರಯ್ಯ. ಬೆನ್ನ ಹಿಂದೆ, ಹೂವಿನ ದುಡ್ಡು ತಿಂದೋರು. ನೆಂಟರಿಗೆ ಸುದ್ದಿ ಅರ್ಧ ಮಾತ್ರ ತಲುಪಿತು. ಕುಣಿಗಲ್ಲಿನ ದೊಡ್ಡಮ್ಮನ ಮನೆಯವರು ಸೀಮಂತಕ್ಕೆ ಹೂವು ಕೇಳಿದರು. ಮಗಳು ಪಲ್ಲವಿಯ ಅತ್ತೆ ಫೋನು ಮಾಡಿ, "ಏನ್ ಬೀಗರೇ, ಹೂವಿನ ತೋಟ ಮಾಡಿದೀರಂತೆ, ನಮಗೆ ಹೇಳ್ಲೇ ಇಲ್ಲ. ನಾವೇನು ಬಿಟ್ಟಿ ಕೇಳ್ತೀವಾ?" ಎಂದರು. ಹೀಗೆ ಕೇಳುವವರೆಲ್ಲ ಬಿಟ್ಟಿಯೇ ಕೇಳುತ್ತಿರುತ್ತಾರೆ. ಮಗಳ ಮಾನ ಉಳಿಸಲು ರುದ್ರಯ್ಯನವರು ಆಗತಾನೇ ತೆರೆದಿದ್ದ ತುಮಕೂರಿನ ಮಾರ್ಕೆಟ್ಟಿಗೆ ಹೋಗಿ, ಚೌಕಾಶಿ ಮಾಡಿ, ಕನಕಾಂಬರ ಕೊಂಡು, "ನಮ್ಮ ತೋಟದ್ದು" ಎಂದು ಕಳಿಸಿದರು. ಎಲ್ಲಿಯ ಹೂವಮ್ಮ ಎಂದು ನಾನು ಮಾರುವವಳನ್ನು ಕೇಳಿದೆ. ಗುಬ್ಬಿ ಕಡೆ ಶಿವರುದ್ರಮ್ಮ ಅಂತ ಒಬ್ಬರು ಕಳಿಸೋದು ಎಂದಳು. ಭಾವನವರು ಕೇಳಿಸದವರಂತೆ ಚಿಲ್ಲರೆ ಎಣಿಸಿದರು.

ಇಷ್ಟಾದರೂ ಮನುಷ್ಯ ಕೆಟ್ಟವರಲ್ಲ. ಪರರ ದುಡ್ಡು ಅವರ ಹೊಟ್ಟೆಯಲ್ಲಿ ಅರಗುವುದಿಲ್ಲ. ನಾಲ್ಕು ಸಾವಿರವನ್ನೂ ಕವರಿಗೆ ಹಾಕಿಕೊಂಡು ಹೊಲಕ್ಕೆ ಹೊರಟರು. ಹಿಂದೆ ನಾನು. ಸರಿಯಾಗಿ ಹೇಳಬೇಕೆಂದರೆ ಮುಂದೆ ನಾನು, ಸ್ಕೂಟರು ನನ್ನದಲ್ಲವೇ.

ಶಿವರುದ್ರಮ್ಮನವರು ಗೌರಿಯ ಮೈ ತೊಳೆಯುತ್ತಿದ್ದರು. ನಮ್ಮನ್ನು ನೋಡಿ ತಿಕ್ಕುವ ಕೈ ಜೋರಾಯಿತು.

"ನೀರ್ ಹಾಕಿದ್ದು ನಾವು ಕಣೇ ಗೌರಿ. ಗೊಬ್ರ ನಿಂದು. ಬಿಸ್ಲಲ್ಲಿ ಬಗ್ಗಿ ಬಿಡಿಸಿದ್ದು ನಾನು. ನಷ್ಟ ಮಾತ್ರ ಪಟ್ಟಣದೋರಿಗೆ ಆಯ್ತಂತೆ."

"ನಾನು ಯಾರ ದುಡ್ಡೂ ತಿಂದಿಲ್ಲ," ಎಂದು ರುದ್ರಯ್ಯನವರು ಮರಕ್ಕೆ ಹೇಳಿದರು. "ತಂದಿದೀನಿ. ಇಲ್ಲಿ ಇಟ್ಟಿರ್ತೀನಿ." ಕವರನ್ನು ಬದುವಿನ ಮೇಲಿಟ್ಟು ಒಂದು ಕಲ್ಲು ಹೇರಿದರು.

"ಬದಿನ್ ಮ್ಯಾಲೆ ಅವ್ರು ಮಡಗಿದ್ನ ನಾವ್ ಎತ್ಕೊಂಡ್ರೆ ಬದು ಅವರ್ದು ಅಂತ ಒಪ್ಕೊಂಡಂಗೆ ಅಲ್ವೇನೇ? ಸರ್ಕಾರದ ದುಡ್ನ ಸರ್ಕಾರನೇ ಕೊಡ್ಬೇಕು. ಇನ್ನೊಬ್ರ ಕೈಯಾಗೆ ಇಸ್ಕಳೋಕೆ ನಾವೇನು ಜೋಳಿಗೆ ಹಾಕ್ಕೊಂಡಿದೀವಾ?"

ಗೌರಿ ತಲೆಯಾಡಿಸಿತು. ಕವರು ನಮ್ಮ ಜೊತೆಯಲ್ಲೇ ವಾಪಸು ಬಂತು.

ಸರಿ, ಸರಕಾರಕ್ಕೇ ಕೊಟ್ಟರಾಯಿತು, ಸರಕಾರ ಅವರಿಗೆ ಕೊಡಲಿ ಎಂದು ಒಂದು ಕಚೇರಿಗೆ ಹೋದೆವು. ಯಾವ ಕಚೇರಿ ಎಂದು ನಾನು ಹೇಳುವುದಿಲ್ಲ, ನನ್ನ ಅಂಗಡಿಗೆ ಜೆರಾಕ್ಸಿಗೆ ಬರುವವರು ಅಲ್ಲಿಯವರೇ. ಸೂಪರಿಂಟೆಂಡೆಂಟ್ ಸೀತಾರಾಮಯ್ಯನವರು ಮಾತು ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಾಪಸ್ಸಾ?"

"ಹೌದು ಸ್ವಾಮಿ. ನನಗೆ ಬರಬೇಕಾದ್ದಲ್ಲ."

"ಕೊಡೋಕೆ ಆದೇಶ ಇದೆ. ತಗೊಳೋಕೆ ಆದೇಶ ಇಲ್ವಲ್ಲ."

"ಹಾಗಾದ್ರೆ ಶಿವರುದ್ರಮ್ಮನವರಿಗೇ ಬೇರೆ ಕೊಟ್ಬಿಡಿ."

ಸೀತಾರಾಮಯ್ಯನವರು ಕಂಪ್ಯೂಟರ್ ನೋಡಿದರು. "ಅವರದು ಮೇವಿನ ಜೋಳ. ಮೇವಿನ ಜೋಳಕ್ಕೆ ಕೋವಿಡ್ ಬಂದಿಲ್ಲ."

"ಅದೇ ತಪ್ಪಾಗಿರೋದು ಸ್ವಾಮಿ."

"ತಪ್ಪಾಗಿದೆ ಅಂತ ಬರ್ಕೊಡಿ. ಸರ್ವೆ ಮಾಡಿದ ಹುಡುಗಿ ಮೇಲೆ ಕ್ರಮ ತಗೊಳ್ತೀವಿ. ಕಾಂಟ್ರ್ಯಾಕ್ಟು ತಾನೇ, ನಾಳೆಯಿಂದ ಬರ್ಬೇಡಮ್ಮ ಅಂದ್ರೆ ಆಯ್ತು."

ರುದ್ರಯ್ಯನವರು ಕುರ್ಚಿಯಿಂದ ಎದ್ದರು. "ಆ ಮಗೂದೇನ್ರೀ ತಪ್ಪು? ಬದು ಮೇಲೆ ಹೋಗಿ ನಿಂತೋನು ನಾನು."

"ಹಂಗಾದ್ರೆ ನಿಮ್ಮ ಮೇಲೆ ಕೇಸು."

ರುದ್ರಯ್ಯನವರು ಮತ್ತೆ ಕೂತರು. ಕರ್ಚೀಫು ತೆಗೆದು ಕತ್ತು ಒರೆಸಿಕೊಂಡರು. ಬರೆದು ತಂದಿದ್ದ ಅರ್ಜಿಯನ್ನು ಮಡಿಸಿ ನಿಧಾನವಾಗಿ ಜೇಬಿಗೆ ಇಳಿಸಿದರು. ಅದರ ಮೂರು ಪ್ರತಿ ನಾನು ಜೆರಾಕ್ಸ್ ಮಾಡಿದ್ದೆ, ಕಾಸು ಇನ್ನೂ ಬಂದಿಲ್ಲ.

ಅಲ್ಲಿಗೆ ಮುಗಿಯಿತೇ? ಸೀತಾರಾಮಯ್ಯನವರು ಈ ವಿಚಿತ್ರವನ್ನು ಮೇಲಿನವರಿಗೆ ಹೇಳಿದರು. ಪರಿಹಾರ ಬೇಡವೆಂದ ರೈತ ಎಂಬುದಷ್ಟೇ ಮೇಲೆ ಹೋಯಿತು, ಯಾಕೆ ಬೇಡ ಎಂಬುದು ಮೆಟ್ಟಿಲಲ್ಲೇ ಉಳಿಯಿತು. ತುಮಕೂರಿನಲ್ಲಿ ಅವರನ್ನು ಕರೆಸಿ, ಅಂತರ ಕಾಯ್ದುಕೊಂಡು ಶಾಲು ಹೊದಿಸಿ, "ಸ್ವಾಭಿಮಾನಿ ಪುಷ್ಪ ಕೃಷಿಕ" ಎಂದು ಫಲಕ ಕೊಟ್ಟರು. ಕೊರಳಿಗೆ ಹಾಕಿದ ಹಾರದಲ್ಲಿ ಎರಡು ಎಳೆ ಕನಕಾಂಬರವಿತ್ತು. ಬೇಸಾಯದ ಅನುಭವ ಹಂಚಿಕೊಳ್ಳಿ ಎಂದಾಗ ಭಾವನವರು ಮಾಸ್ಕನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡು ಅದರೊಳಗೇ ಏನೋ ಹೇಳಿದರು. ಏನು ಹೇಳಿದರೆಂದು ಯಾರಿಗೂ ಕೇಳಿಸಲಿಲ್ಲ, ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಕೂಟರು ಹತ್ತುವಾಗ ಆ ಫಲಕವನ್ನು ನನ್ನ ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಮುಚ್ಚಿಟ್ಟರು. ಮನೆಗೆ ತೆಗೆದುಕೊಂಡು ಹೋಗುವ ಧೈರ್ಯ ಅವರಿಗಿರಲಿಲ್ಲ. ಇವತ್ತಿಗೂ ಅದು ನನ್ನ ಅಂಗಡಿಯಲ್ಲೇ ಪೇಪರು ಹಾರದಂತೆ ಕೂತಿದೆ.

ಶ್ರಾವಣದಲ್ಲಿ ಕಾವ್ಯಳ ಮದುವೆ. ಹುಡುಗ ಕುಣಿಗಲ್ ಕಡೆಯವನು, ಮದುವೆ ಯಡಿಯೂರಿನಲ್ಲಿ. ಮಾತು ಬಿಟ್ಟಿದ್ದರೂ ಲಗ್ನಪತ್ರಿಕೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ದಿನ ಹೊಲಕ್ಕೆ ಹೋದಾಗ ಬದುವಿನ ಮೇಲೆ ಅದೇ ಕಲ್ಲಿನಡಿ ಪತ್ರಿಕೆ ಇತ್ತು, ಅರಿಸಿನ ಕುಂಕುಮ ಹಚ್ಚಿ. ಎತ್ತಿಕೊಂಡರೆ ಬದು ಆಯಮ್ಮನದು ಎಂದು ಒಪ್ಪಿದಂತಾಗುತ್ತದೆಯೇ ಎಂದು ರುದ್ರಯ್ಯನವರು ಮರದ ಸುತ್ತ ಯೋಚಿಸುತ್ತ ತಿರುಗಿದರು. ಕೊನೆಗೆ ನನ್ನ ಕೈಯಲ್ಲಿ ಎತ್ತಿಸಿದರು.

ದಾರಿ ಹೊಳೆದದ್ದು ಸಿದ್ದಗಂಗಮ್ಮನವರಿಗೆ. ಗಂಡಸರು ಸ್ಕೂಟರಿನ ಮೇಲೆ ತಾಲೂಕು ಸುತ್ತಿದರೂ ಸಿಗದ ದಾರಿ ಹೆಂಗಸರಿಗೆ ಒಲೆ ಮುಂದೆ ಸಿಗುತ್ತದೆ.

"ಕವರಲ್ಲಿ ಕೊಟ್ರೆ ತಾನೇ ಬ್ಯಾಡ ಅನ್ನೋದು? ಮುಯ್ಯಿ ಓದ್ಸಿ. ಮುಯ್ಯಿ ಬ್ಯಾಡ ಅನ್ನೋಕೆ ಯಾರ ಕೈಲಾಗುತ್ತೆ?"

ಎಂಥ ಮಾತು. ಮದುವೆಮನೆಯಲ್ಲಿ ಮುಯ್ಯಿ ಓದಿಸುವುದನ್ನು ತಡೆಯಲು ವಧುವಿನ ತಾಯಿಗೂ ಅಧಿಕಾರವಿಲ್ಲ. ಹಗೆಯವನು ಓದಿಸಿದರೂ ತೆಗೆದುಕೊಳ್ಳಲೇಬೇಕು. ನಾವು ಆ ಸಂತೋಷದಲ್ಲಿ ಮುಯ್ಯಿಯ ಉಳಿದರ್ಧವನ್ನು ಮರೆತೇಬಿಟ್ಟೆವು.

ಯಡಿಯೂರಿನಲ್ಲಿ ಜನ ಕಡಿಮೆ, ಅಷ್ಟೇ ಬರಬೇಕೆಂದು ಅಪ್ಪಣೆಯಾಗಿತ್ತು. ಹತ್ತು ಹೆಜ್ಜೆಯ ಛತ್ರಕ್ಕೆ ಮೈಕು ಬೇಕಿರಲಿಲ್ಲ. ಆದರೆ ಮುಯ್ಯಿ ಬರೆಯುವ ಯಜಮಾನರು ಮೈಕು ತಂದಿದ್ದರು. ನೂರು, ಇನ್ನೂರು, ಒಂದು ಸ್ಟೀಲ್ ಬಿಂದಿಗೆ ಎಂದು ಓದಿಕೊಂಡು ಬಂದವರು ರುದ್ರಯ್ಯನವರ ಕವರು ಬಿಚ್ಚಿ ಕೆಮ್ಮಿದರು.

"ತುಮಕೂರು ರುದ್ರಯ್ಯನವರು, ನಾಲ್ಕು ಸಾವಿರ ರೂಪಾಯಿ."

ಊಟದ ಪಂಕ್ತಿಯಲ್ಲಿ ಸಾರು ಬಡಿಸುವವನ ಸೌಟು ನಿಂತಿತು. ಇಷ್ಟು ಓದಿಸುವವರು ಸೋದರಮಾವನಲ್ಲದೆ ಇನ್ನಾರು ಎಂದು ಗಂಡಿನ ಕಡೆಯವರು ತೀರ್ಮಾನಿಸಿ, "ಮಾವನೋರು ಇಲ್ಲೇ ಕೂತವ್ರಲ್ಲ, ಬನ್ನಿ ಬನ್ನಿ," ಎಂದು ಕೈ ಹಿಡಿದು ಎಳೆದುಕೊಂಡು ಹೋಗಿ ವಧೂವರರ ಪಕ್ಕ ನಿಲ್ಲಿಸಿದರು. ಬೆನ್ನ ಹಿಂದೆ ಮಂಟಪಕ್ಕೆ ಇಳಿಬಿಟ್ಟ ಕನಕಾಂಬರದ ಸರಗಳು. "ಸ್ವಲ್ಪ ಈಚೆ ಬನ್ನಿ ಸರ್," ಎಂದ ಫೋಟೋದವನು. ಭಾವನವರು ಈಚೆ ಬಂದು ಮೀಸೆ ಸರಿಮಾಡಿಕೊಂಡರು. ಕ್ಯಾಮರಾ ಕಂಡರೆ ಆ ಮನುಷ್ಯನಿಗೆ ಹಿಂದಿನ ನೆನಪು ಯಾವುದೂ ಇರುವುದಿಲ್ಲ.

ಶಿವರುದ್ರಮ್ಮನವರು ಸೆರಗು ಬಿಗಿದು ನಮ್ಮತ್ತ ಬಂದರು. ಅಕ್ಕಪಕ್ಕ ನೋಡಿದರು. ಗೌರಿ ಊರಿನಲ್ಲಿತ್ತು. ಬೇರೆ ದಾರಿಯಿಲ್ಲದೆ ನನ್ನ ಕಡೆ ತಿರುಗಿದರು. ಹೀಗೆ ಒಂದು ಹಸುವಿನ ಸ್ಥಾನ ನನಗೆ ಸಿಕ್ಕಿತು.

"ಅಣ್ಣಾ, ನಿಮ್ಮ ಷಡ್ಡಕರಿಗೆ ಹೇಳ್ರಿ. ಮುಯ್ಯಿ ಓದಿಸ್ಬುಟ್ರಲ್ಲ, ತೀರಿಸೋಗಂಟ ನಂಗೆ ಕೂಳು ಇಳಿಯಾಕಿಲ್ಲ. ಮೇಲೊಂದಿಷ್ಟು ಸೇರ್ಸಿ ಓದಿಸ್ಬೇಕು. ಅವ್ರ ಮನೇಲಿ ಕಾರ್ಯ ಯಾವಾಗ?"

ಮರವಿಲ್ಲದ್ದರಿಂದ ರುದ್ರಯ್ಯನವರು ಕಂಬ ನೋಡಿದರು. "ಇರೋಳು ಒಬ್ಬಳು ಮಗಳು, ಅವಳ ಮದುವೆ ಆಗೋಗಿದೆ. ಮನೆ ಕಟ್ಟಿಸಿ ಆಗಿದೆ. ಇನ್ನು ಉಳಿದಿರೋದು ನನ್ನ ಶಿವಗಣಾರಾಧನೆ ಒಂದೇ."

"ಸತ್ತೋರಿಗೆ ಮುಯ್ಯಿ ಓದಿಸಲ್ಲ ಅಂತ ಹೇಳ್ರಿ," ಎಂದು ನನಗೆ ಹೇಳಿ ಆಯಮ್ಮ ಹೋದರು.

ಸರಕಾರಕ್ಕೆ ಬೇಡವಾದ, ಶಿವರುದ್ರಮ್ಮನವರಿಗೆ ಬೇಡವಾದ ಆ ನಾಲ್ಕು ಸಾವಿರ ಈಗ ಬಡ್ಡಿ ಸಮೇತ ವಾಪಸು ಬರಲು ತಯಾರಾಗಿ ನಿಂತಿತು. "ಕಾರ್ಯ ಗೊತ್ತಾಯ್ತಾ?" ಎಂದು ವಾರ ವಾರವೂ ಆಯಮ್ಮ ನನಗೆ ಫೋನು ಮಾಡುತ್ತಿದ್ದರು. ಭಾವನಿಗೆ ಮಾಡುವಂತಿಲ್ಲವಲ್ಲ, ಮಾತು ಬಿಟ್ಟಿದ್ದಾರೆ.

ಈ ನಡುವೆ ಹೇಮಶ್ರೀ ಅತ್ತು ಕಣ್ಣು ಕೆಂಪು ಮಾಡಿಕೊಂಡು ನನ್ನ ಅಂಗಡಿಗೆ ಬಂದಳು. ಪರಿಹಾರ ಹೋದ ಹೊಲಗಳನ್ನೆಲ್ಲ ಮುಂದಿನ ಸಮೀಕ್ಷೆಯಲ್ಲಿ ಮತ್ತೆ ಫೋಟೋ ತೆಗೆದು ತಾಳೆ ನೋಡುತ್ತಾರಂತೆ. ಹೂವು ಅಂದ ಕಡೆ ಹೂವಿಲ್ಲದಿದ್ದರೆ ಬರೆದವರ ಕೆಲಸ ಹೋಗುತ್ತದೆ.

"ಸರ್, ನಾನು ಆವತ್ತು ನೋಡಿದ್ದನ್ನೇ ಹಾಕಿದ್ದು ಸರ್," ಎಂದಳು. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ ಎಂದು ನನಗೆ ಗೊತ್ತಿತ್ತು. ನನಗೆ ನಿಜಕ್ಕೂ ಕೋಪ ಬಂತು. ಇಸ್ತ್ರಿ ಶರ್ಟು ಹಾಕಿಕೊಂಡವರು ಬದು ಹತ್ತಿದ್ದಕ್ಕೆ ಇವಳ ಅನ್ನಕ್ಕೆ ಕಲ್ಲು. ಅವಳನ್ನು ಕೂರಿಸಿಕೊಂಡು ನೇರ ಶಿವರುದ್ರಮ್ಮನವರ ಹತ್ತಿರ ಹೋದೆ. ಅವರು ಗೌರಿಯ ಕಿವಿ ತುರಿಸುತ್ತ ಪೂರ್ತಿ ಕೇಳಿದರು.

"ದಾಖಲೆ ತಿದ್ದೋಕೆ ಆಗಾಕಿಲ್ವ ಅಣ್ಣಾ?"

"ಆಗಲ್ಲಮ್ಮ."

"ಹೊಲ ತಿದ್ಬೋದಲ್ಲ. ನಾಟಿ ಹಾಕೋದೂ ಒಂದು ಕಾರ್ಯನೇ ಅಲ್ವೇನೇ ಗೌರಿ?"

ಮರುವಾರವೇ ರುದ್ರಯ್ಯನವರ ಹೊಲದಲ್ಲಿ ಕಾರ್ಯ ನಡೆಯಿತು. ಪಾರ್ಥೇನಿಯಂ ಕಿತ್ತು, ಉಳುಮೆ ಮಾಡಿಸಿ, ಸಾಲು ತೆಗೆಸಿದರು. ಶಿವರುದ್ರಮ್ಮನವರು ಕನಕಾಂಬರದ ಸಸಿಗಳನ್ನು ಮುಯ್ಯಿ ಎಂದು ತಂದು ಬದುವಿನ ಮೇಲಿಳಿಸಿದರು. ಪದ್ಧತಿಯಂತೆ ಮೇಲೆ ಒಂದು ಕಟ್ಟು ಹೆಚ್ಚಿಗೆ ಇಟ್ಟು, "ತೀರ್ತು ಅಂತ ಹೇಳೇ ಗೌರಿ," ಎಂದರು. ಭಾವನವರು ಪಂಚೆ ಎತ್ತಿ ಕಟ್ಟಿ ಜೀವನದಲ್ಲಿ ಮೊದಲ ಸಲ ಗುದ್ದಲಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಅಂಗೈಯಲ್ಲಿ ಬೊಬ್ಬೆ ಎದ್ದು, ಅದನ್ನು ಸಿಕ್ಕಸಿಕ್ಕವರಿಗೆಲ್ಲ ತೋರಿಸಿದರು. ನೀರು ಶಿವರುದ್ರಮ್ಮನವರ ಬೋರಿನದು. ಪೈಪು ಹಾಯಿಸಲು ಬದು ಕಡಿಯಬೇಕು, ಕಡಿಯಲು ಇಬ್ಬರೂ ಒಪ್ಪಲಿಲ್ಲ. ಪೈಪು ಹೊಂಗೆ ಕೊಂಬೆಯ ಮೇಲೆ ಹತ್ತಿ ಆ ಕಡೆ ಇಳಿಯಿತು. ಈಗಲೂ ಹಾಗೆಯೇ ಇದೆ, ಹೋದರೆ ನೋಡಬಹುದು.

ಯಾರು ನಂಬಲಿ ಬಿಡಲಿ, ಆ ಗಿಡಗಳು ಬೇರು ಹಿಡಿದವು, ಭಾವನವರೂ ಹಿಡಿದರು. ದಿನಾ ಬೆಳಗ್ಗೆ ಗುಬ್ಬಿ ಬಸ್ಸು ಹಿಡಿದು ಹೋಗತೊಡಗಿದರು. ಗೌರಿಗೆ ಹೇಳಿದ್ದನ್ನೆಲ್ಲ ಕಿವಿಯಲ್ಲಿ ಹಾಕಿಕೊಂಡು ಹಾಗೆಯೇ ಮಾಡಿದರು. ಮೊದಲ ಹೂವು ಬಿಡಿಸಿದ ದಿನ ಬಾಳೆಲೆಯಲ್ಲಿ ಸುತ್ತಿ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟು ಹೊರಗೆ ಬಂದು ಪೇಪರು ಬಿಡಿಸಿದರು. ಸಿದ್ದಗಂಗಮ್ಮನವರು ಬಿಚ್ಚಿ ನೋಡಿದರು. "ಕಟ್ಟೋಕೆ ದಾರ ಯಾರು ತರ್ತಾರೆ?" ಎಂದು ಒಳಗಿನಿಂದ ಕೂಗಿದರು. ದನಿ ಮಾತ್ರ ಮೆತ್ತಗಿತ್ತು.

ಸಂಕ್ರಾಂತಿ ಕಳೆದು ಹೇಮಶ್ರೀ ಮೊಬೈಲು ಹಿಡಿದು ಬಂದಳು. ಎರಡು ಹೊಲವೂ ಬದುವಿನ ಆಚೆಈಚೆ ಒಂದೇ ಬಣ್ಣದಲ್ಲಿ ಅರಳಿದ್ದವು. ಶಿವರುದ್ರಮ್ಮನವರು ಕಾವ್ಯ ತಂದುಕೊಟ್ಟ ಹೊಸ ಸೀರೆಯುಟ್ಟು ತಮ್ಮ ಗಿಡಗಳ ನಡುವೆ ಹೋಗಿ ನಿಂತರು. "ತೆಗಿಯವ್ವ. ಕಣ್ಣು ಬಿದ್ರೆ ಬೀಳ್ಲಿ, ಜೋಳ ಅಂತ ಬರಿಬ್ಯಾಡ," ಎಂದರು. ಅವರದು ಮುಗಿಯಿತು.

"ಈಗ ನೀವು ಸರ್."

ರುದ್ರಯ್ಯನವರು ಕಾಣಲಿಲ್ಲ. ಹುಡುಕಿದರೆ ಶಿವರುದ್ರಮ್ಮನವರ ಹೊಲದ ಮೂಲೆಯಲ್ಲಿ, ಮೇವಿನ ಜೋಳದ ಮುಂದೆ, ಗೌರಿಯ ಕೊರಳ ಮೇಲೆ ಕೈಯಿಟ್ಟು ನಿಂತಿದ್ದರು.

"ಇಲ್ಲೇ ತೆಗಿಯಮ್ಮ," ಎಂದರು.

"ಸರ್, ನಿಮ್ಮ ಹೊಲ ಆ ಕಡೆ. ಹೂವು ಕಾಣ್ಬೇಕು."

"ಹೂವಿನ ಫೋಟೋ ಬೇಡ. ಎಷ್ಟು ಕಷ್ಟಪಟ್ಟು ಬೆಳೆಸಿದೀನಿ ಗೊತ್ತಾ? ಕಣ್ಣು ಬೀಳುತ್ತೆ."

"ಸರ್, ನನ್ನ ಕೆಲಸ ಸರ್," ಎಂದಳು ಹೇಮಶ್ರೀ. ಅವಳ ದನಿ ಅಳುವಿಗೆ ಬಂದಿತ್ತು. "ಏನ್ ಬೆಳೆ ಅಂತ ಹಾಕ್ಲಿ ನಾನು?"

"ನೋಡಿದ್ರೆ ಗೊತ್ತಾಗಲ್ವೇನಮ್ಮ?"

ನಾನು ತಲೆಯ ಮೇಲೆ ಕೈಹೊತ್ತು ಬದುವಿನ ಮೇಲೆ ಕೂತೆ. ಶಿವರುದ್ರಮ್ಮನವರು ಗೌರಿಯ ಮುಖ ನೋಡಿದರು. ಗೌರಿ ಜೋಳ ಮೇಯುತ್ತಿತ್ತು, ಅದಕ್ಕೆ ಈ ತಾಪತ್ರಯ ಸಾಕಾಗಿತ್ತು ಎಂದು ಕಾಣುತ್ತದೆ. ಆಯಮ್ಮ ಗೂಟದ ಮೇಲಿನ ಮಡಕೆಯ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ಸೀದಾ ಬಂದು ರುದ್ರಯ್ಯನವರ ಕೆನ್ನೆಗೆ ದೊಡ್ಡದೊಂದು ಬೊಟ್ಟು ಇಟ್ಟರು.

"ರುದ್ರಣ್ಣ," ಎಂದರು. ಅಷ್ಟು ವರ್ಷಗಳಲ್ಲಿ ಅವರ ಮುಖ ನೋಡಿ ಆಡಿದ ಮೊದಲ ಮಾತು. "ಇನ್ ಯಾರ ಕಣ್ಣೂ ಬೀಳಾಕಿಲ್ಲ. ಹೋಗಿ ನಿಮ್ಮ ಹೊಲದಾಗೆ ನಿಂತ್ಕೊಳ್ರಿ. ಆ ಮಗು ಊಟ ಮಾಡ್ಬೇಕು."

ನಿಮ್ಮ ಹೊಲ ಎಂಬ ಮಾತು ಕೇಳಿ ಭಾವನವರು ಗೌರಿಯ ಕೊರಳಿನಿಂದ ಕೈ ತೆಗೆದರು. ಮರದ ಕಡೆ ಒಮ್ಮೆ ನೋಡಿದರು. ಬದು ದಾಟಿ, ಗಿಡ ಮುರಿಯದಂತೆ ಪಂಚೆ ಎತ್ತಿ ಹಿಡಿದು ಹೋಗಿ ತಮ್ಮ ಕನಕಾಂಬರದ ನಡುವೆ ನಿಂತರು. ಜಿಪಿಎಸ್ಸು ತಕರಾರಿಲ್ಲದೆ ತೆಗೆದುಕೊಂಡಿತು.

ಫೋಟೋ ಆಯಿತು. ಹೇಮಶ್ರೀ ಕಣ್ಣೊರೆಸಿಕೊಂಡು ಕಳಿಸುವ ಗುಂಡಿ ಒತ್ತುವಷ್ಟರಲ್ಲಿ ಭಾವನವರು ಓಡಿ ಬಂದು ಮೊಬೈಲಿನಲ್ಲಿ ಇಣುಕಿದರು.

"ಕೆನ್ನೆ ಮೇಲೆ ಬೊಟ್ಟು ಕಾಣ್ತಾ ಇದೆಯಲ್ಲಮ್ಮ. ತಡಿ, ಒರೆಸ್ಕೊಂಡು ಬರ್ತೀನಿ, ಇನ್ನೊಂದು ತೆಗಿ."

ಹೇಮಶ್ರೀ ನನ್ನ ಮುಖ ನೋಡಿದಳು. ನಾನು ಶಿವರುದ್ರಮ್ಮನವರ ಮುಖ ನೋಡಿದೆ. ಅವರು ನಿಧಾನವಾಗಿ ಬೆನ್ನು ತಿರುಗಿಸಿ ಹಸುವಿನ ಹಗ್ಗಕ್ಕೆ ಕೈಹಾಕಿದರು.

"ಗೌರೀ, ಬಟನ್ ಒತ್ತು ಅಂತ ಆ ಹುಡ್ಗಿಗೆ ಹೇಳೇ."

ಹೇಮಶ್ರೀ ಒತ್ತಿದಳು.